ಮಾಹಿತಿ ಕೊಟ್ಟವರು

ರಾತ್ರಿ ಎರಡೂಕಾಲು. ಟ್ಯಾನರಿ ರೋಡಿನಿಂದ
ಆಟೋದಲ್ಲಿ ಬಂದ ಹೆಂಗಸು, ಎದೆ ಹಿಡಿದುಕೊಂಡು.
ಅವಳ ಮಾತಿನಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ: ದರ್ದ್.
ಅಷ್ಟು ಸಾಕೆಂದುಕೊಂಡೆ. ಎದೆ, ನೋವು, ಬೆವರು,
ಐವತ್ತೆಂಟು ವರ್ಷ. ಪುಸ್ತಕ ತಾನಾಗಿ ತೆರೆದುಕೊಂಡಿತು.
ಹೆಪಾರಿನ್ ಎಂದು ಬರೆದು, ಅಡಿಗೆರೆ ಎಳೆದು
ಸಹಿ ಹಾಕಿದೆ. ಆರು ತಿಂಗಳು ತಿದ್ದಿ ತಿದ್ದಿ
ಯಾರಿಗೂ ಓದಲು ಬಾರದಂತೆ ಮಾಡಿಕೊಂಡ ಸಹಿ.

ಸಿಸ್ಟರ್ ಜಸಿಂತಾ ಸಿರಿಂಜು ತುಂಬಿದರು. ಚುಚ್ಚಲಿಲ್ಲ.
"ಡಾಕ್ಟ್ರೇ, ಮೆಹರು ಏನೋ ಹೇಳ್ತಿದ್ದಾಳೆ."

ಮೆಹರುನ್ನೀಸಾ, ಬೆಡ್‌ಪ್ಯಾನ್ ಹಿಡಿದು ನಿಂತವಳು,
ನನ್ನ ಬೂಟು ನೋಡುತ್ತ ಹೇಳಿದಳು:
"ಬರೀ ನೋವಲ್ಲ ಸಾರ್. ಹರೀತಿದೆ ಅಂತವ್ರೆ.
ಹಳೇ ಸೀರೆ ಹರ್ದಂಗೆ, ಮುಂದ್ಗಡೆಯಿಂದ ಬೆನ್ನಿಗೆ."

ಮೊದಲು ಬಂದದ್ದು ಸಿಟ್ಟು, ಸುಳ್ಳೇಕೆ ಹೇಳಲಿ.
ಕೋಟಿನ ಕಾಲರು ಕತ್ತು ಕೊರೆಯಿತು.
ಅಷ್ಟರಲ್ಲಿ ಜಸಿಂತಾ, ಯಾರೂ ಹೇಳದೆ,
ಒಂದೊಂದು ತೋಳಿಗೂ ಪಟ್ಟಿ ಸುತ್ತಿ ನೋಡುತ್ತಿದ್ದರು.
"ಬಲಗಡೆ ನೂರಾ ಎಂಬತ್ತು."
ಗಾಳಿ ಇಳಿಯುವ ಸದ್ದು.
"ಎಡಗಡೆ ನೂರಾ ಇಪ್ಪತ್ತು."
ನಡುವಿನ ಅರವತ್ತರಲ್ಲಿ ನಾನು ಬಿದ್ದೆ.
ಸಿರಿಂಜು ಇನ್ನೂ ಟ್ರೇಯಲ್ಲೇ ಇತ್ತು.

ಮಹಾಧಮನಿ ಒಳಗೊಳಗೇ ಸೀಳಿತ್ತು.
ಆ ಮದ್ದು ಮೈಗೆ ಹೋಗಿದ್ದರೆ...
ಬೇಡ. ಲಿಫ್ಟು ಕೆಟ್ಟಿತ್ತು. ಸ್ಕ್ಯಾನಿಗೆ ರ‍್ಯಾಂಪಿನಲ್ಲಿ
ಸ್ಟ್ರೆಚರ್ ತಳ್ಳುತ್ತಿದ್ದ ಚೌಡಪ್ಪ,
"ಈ ಕಡೆ ಎತ್ತಿ ಡಾಕ್ಟ್ರೇ" ಅಂದ. ಎತ್ತಿದೆ.

ಬೆಳಿಗ್ಗೆ ರೌಂಡ್ಸಿನಲ್ಲಿ ಚೀಫ್ ಬೆನ್ನು ತಟ್ಟಿದರು:
"ಚೆನ್ನಾಗಿ ಹಿಡಿದೆ ಕಣಯ್ಯ."
"ಥ್ಯಾಂಕ್ಯೂ ಸಾರ್" ಅಂದುಬಿಟ್ಟೆ.
ಪಕ್ಕದ ಮಂಚದಡಿ ನೆಲ ಒರೆಸುತ್ತಿದ್ದ ಕೋಲು
ಒಂದು ಕ್ಷಣವೂ ನಿಲ್ಲಲಿಲ್ಲ.
ಫಿನಾಯಿಲ್ ವಾಸನೆ. ಹೊರಗೆ ಸಿಗ್ನಲ್ಲಿನಲ್ಲಿ
ದಾರಿ ಸಿಗದ ಇನ್ನೊಂದು ಆಂಬುಲೆನ್ಸಿನ ಅಳು.

ಕೇಸ್ ಶೀಟಿನ ಮೊದಲ ಪುಟದಲ್ಲಿ ಒಂದು ಸಾಲಿದೆ:
ಮಾಹಿತಿ ಕೊಟ್ಟವರು.
ಗಂಡ ಅಂತಲೋ ಮಗ ಅಂತಲೋ ಬರೆಯುತ್ತೇವೆ,
ಇಲ್ಲವೇ ಖಾಲಿ ಬಿಡುತ್ತೇವೆ.
ಡ್ಯೂಟಿ ಮುಗಿದ ಮೇಲೆ, ಅವರು ಟಿಫಿನ್ ಡಬ್ಬಿ ತೆರೆದು ಕೂತಿದ್ದಾಗ
ಹೋಗಿ ಕೇಳಿದೆ, ನಿಮ್ಮ ಪೂರ್ತಿ ಹೆಸರು ಹೇಳಿ.
ಆಗ ಮುಖ ನೋಡಿದರು, ಮೊದಲ ಸಲ.
ನಿಧಾನಕ್ಕೆ ಹೇಳಿದರು. ಬರೆದುಕೊಂಡು
ತಿರುಗಿ ಓದಿದೆ.

"ತಪ್ಪು" ಅಂದರು ಮೆಹರುನ್ನೀಸಾ.
"ಇನ್ನೊಂದ್ಸಲ ಓದಿ ಸಾರ್."