ಹಕ್ಕಿ ಹಾರಿದ ಲೆಕ್ಕ

ನೆಬ್ರಾಸ್ಕಾ ಮುಗಿದು ಕ್ಯಾನ್ಸಸ್ ಶುರುವಾಗುವ ಕಡೆ
ಮಣ್ಣಿಗೇನೂ ಗೊತ್ತಾಗುವುದಿಲ್ಲ.
ಅದೇ ಜೋಳದ ಕೂಳೆ, ಅದೇ ತಂತಿಬೇಲಿ,
ಡಾಂಬರಿನ ಬಣ್ಣ ಮಾತ್ರ ಒಂದು ಗೆರೆಯಲ್ಲಿ ಬೇರೆ.
ಗೆರೆ ದಾಟಿ ಎರಡು ಮೈಲಿಗೆ ತೂಕದ ಕಟ್ಟೆ.
ದೀಪ ಹತ್ತಿತ್ತು. ಗಾಡಿಯನ್ನು ಒಳಗೆ ತಿರುಗಿಸಿದೆ.

ಹಿಂದೆ ಟ್ರೈಲರಿನಲ್ಲಿ ಹದಿನಾಲ್ಕು ಸುರುಳಿ ಹುಲ್ಲು,
ಅಪ್ಪನ ಕಾಲದ ಸರಪಳಿ, ಹೊಸ ಪಟ್ಟಿ,
ಎಡಗಡೆಯ ಬ್ರೇಕ್ ದೀಪ ಮನಸ್ಸು ಬಂದರೆ ಉರಿಯುತ್ತದೆ.
ಆ ದಿನ ಉರಿಯಿತು. ಪುಣ್ಯ.

ಆಫೀಸರ್ ಓಸ್ಟ್ರಾಂಡರ್ ಇನ್ನೂ ಹುಡುಗ.
ಗಾಳಿಗೆ ಹಾರದಂತೆ ಒಂದು ಕೈಲಿ ಟೋಪಿ,
ಇನ್ನೊಂದರಲ್ಲಿ ನನ್ನ ಲೈಸೆನ್ಸು.
ಕುಬಾತ್ ಅನ್ನುವುದನ್ನು ತಪ್ಪಾಗಿ ಓದಿ ಕೇಳಿದ:
"ಎಷ್ಟು ದೂರ?"
ರಸ್ತೆಯಲ್ಲಿ ನೂರ ಎಂಬತ್ತು, ಅಂದೆ.
"ರಸ್ತೆ ಬೇಡಮ್ಮ, ಹಕ್ಕಿ ಹಾರಿದ ಲೆಕ್ಕ ಹೇಳಿ.
ಗಡಿ ದಾಟಿ ಬಂದ ರೈತರಿಗೆ
ನೂರೈವತ್ತು ಮೈಲಿಯವರೆಗೆ ರಿಯಾಯಿತಿ."

ನಾನು ಹಕ್ಕಿಯಲ್ಲ. ಆದರೂ
ಕಣ್ಣು ಮುಚ್ಚಿ ಹಾರಿ ನೋಡಿದೆ:
ರಿಪಬ್ಲಿಕನ್ ನದಿಯ ಮೇಲೆ, ಗಾಳಿಯಂತ್ರಗಳ ನೆತ್ತಿಯ ಮೇಲೆ,
ಕಪ್ಪಗೆ ಸುಟ್ಟುಬಿದ್ದ ಹುಲ್ಲುಗಾವಲಿನ ಅಂಚಿನವರೆಗೆ.
ಅಲ್ಲಿ ಇಳಿದೆ.
ನೂರ ಇಪ್ಪತ್ತು, ಅಂದೆ.
ಹೆಚ್ಚುಕಡಿಮೆಗೆ ದೇವರೇ ಸಾಕ್ಷಿ.

"ಹುಲ್ಲು ಯಾರದು?"
ನನ್ನದು.
"ಎಲ್ಲಿಗೆ?"
ಹ್ರುಸ್ಕಾ ಮನೆಗೆ. ಮಾರ್ಚಿನ ಬೆಂಕಿಯಲ್ಲಿ
ಮೇವೆಲ್ಲ ಹೋಯಿತು, ದನ ಉಳಿದವು.
"ಹಣ ಕೊಡುತ್ತಾರೆಯೇ? ಬಾಡಿಗೆಗೆ ಹೊರುವುದಾದರೆ
ಈ ರಿಯಾಯಿತಿ ನಿಮಗಿಲ್ಲ."

ಇಲ್ಲೇ ನಾಲಿಗೆ ತಡವರಿಸಿತು.
ಡೀಸೆಲ್ಲಿಗೆ ಅಂತ ಅವನು ಕೊಡಲು ಬರುತ್ತಾನೆ, ಗೊತ್ತು.
ನಾನು ಬೇಡ ಅನ್ನುತ್ತೇನೆ.
ಅವನ ಹೆಂಡತಿ ಓಪಲ್ ಸೀಟಿನ ಕೆಳಗೆ ಕವರು ತುರುಕುತ್ತಾಳೆ,
ಮೇಲೊಂದು ಡಬ್ಬ, ಗಸಗಸೆ ತುಂಬಿದ ಕೊಲಾಚಿ.
ತೊಂಬತ್ತಾರರ ಆಲಿಕಲ್ಲಿಗೆ ನಮ್ಮ ಗೋಧಿ ಮಲಗಿದಾಗ
ಕೊಯ್ಲಿನ ಯಂತ್ರ ಹೇರಿಕೊಂಡು ಬಂದಿದ್ದ ಹ್ರುಸ್ಕಾ,
ಮೂರು ದಿನ, ಉಳಿದಷ್ಟನ್ನು ಬಾಚಿಕೊಟ್ಟ.
ಎಷ್ಟು ದೂರ ಎಂದು ಅವನನ್ನು ಯಾರು ಕೇಳಿದ್ದರೋ ಕಾಣೆ.
ಇದು ಬಾಡಿಗೆಯೋ, ಋಣವೋ?
ಹುಡುಗನ ಹಾಳೆಯಲ್ಲಿ ಎರಡನೆಯದಕ್ಕೆ ಚೌಕವಿಲ್ಲ.

ಇಲ್ಲ, ಅಂದೆ. ಹಣವಿಲ್ಲ.

ಅವನು ನನ್ನ ಮುಖ ನೋಡಿದ,
ಹುಲ್ಲಿನ ಒಂದು ಎಳೆ ಕಿತ್ತು ಮೂಸಿದ.
ಅವನ ಮನೆಯಲ್ಲೂ ದನ ಇದ್ದಿರಬೇಕು.
ಸರಪಳಿಯೊಂದನ್ನು ಜಗ್ಗಿ, "ಇದು ಸಡಿಲ," ಅಂದ.
ತಾನೇ ಬಿಗಿದ.
"ಬರುವಾಗ ಖಾಲಿ ತಾನೆ?"

ಖಾಲಿ, ಅಂದೆ.

ವಾಪಸು ಬರುವಾಗ ಕತ್ತಲು. ಎದುರು ಬದಿಯ ಕಟ್ಟೆ
ದೀಪ ಆರಿಸಿ ಮಲಗಿತ್ತು.
ಸೀಟಿನ ಕೆಳಗೆ ಕವರು. ತೂಗುವವರಿಲ್ಲ.
ಡಬ್ಬದಿಂದ ಒಂದು ತೆಗೆದು ತಿಂದೆ.
ಗಸಗಸೆಯ ಒಂದು ಕಾಳು ಹಲ್ಲಿಗೆ ಸಿಕ್ಕಿಕೊಂಡು
ಮನೆಯವರೆಗೂ ಬಂತು.