ಮೂರನೇ ಪಿರಿಯಡ್ಡಿನಲ್ಲಿ ಬಾಸ್ಟನ್

ನಕಾಶೆಯ ಸುರುಳಿ ಬಿಚ್ಚಿದರೆ ಅಟ್ಲಾಂಟಿಕ್ಕಿನ ನಡುವೆ
ಜಿರಲೆ ತಿಂದ ತೂತು.
ಮೊಳೆಗೆ ತೂಗುಹಾಕಿ ಕೋಲಿನ ತುದಿಯಿಂದ ತೋರಿಸಿದೆ:
ಇದು ಇಂಗ್ಲೆಂಡು, ಇದು ಬಾಸ್ಟನ್ ಬಂದರು,
ನಡುವೆ ಎರಡು ತಿಂಗಳ ಹಾಯಿದಾರಿ.
ಕಿಟಕಿಯಾಚೆ ಬೈತಖೋಲದ ದೋಣಿಗಳು
ಡೀಸೆಲ್ಲಿಗೆ ಸಾಲು ನಿಂತಿದ್ದವು.

ಒಂದೇ ರಾತ್ರಿ, ಮುನ್ನೂರ ನಲವತ್ತೆರಡು ಪೆಟ್ಟಿಗೆ ಚಹಾ,
ಕೊಡಲಿಯಲ್ಲಿ ಒಡೆದು ನೀರಿಗೆ ಸುರಿದರು, ಎಂದೆ.
ದೊರೆಗೆ ಇವರ ತೆರಿಗೆ ಬೇಕು, ಇವರ ಮಾತು ಬೇಡ,
ಅದಕ್ಕೆ.
ಗುರುತು ಸಿಗಬಾರದೆಂದು ಮುಖಕ್ಕೆ ಮಸಿ,
ಆ ನೆಲದ ಮೂಲದವರ ವೇಷ.
"ನಮ್ಮ ಸುಗ್ಗಿ ಹಗರಣದ ಹಾಂಗಾ?"
"ಹೂಂ, ಹಾಂಗೇ ಅನ್ನು."
"ಮತ್ತೆ ಆ ಮೂಲದವರು ಎಲ್ಲಿದ್ರು, ಆ ಹೊತ್ತಿಗೆ?"
ಪುಟ ತಿರುಗಿಸಿದೆ. ಪುಟದಲ್ಲಿ ಅವರಿರಲಿಲ್ಲ.

ಪ್ರಣಾಲಿ ತಾಂಡೇಲ ಎದ್ದು ನಿಂತಳು:
"ಚಹಾ ಕುಡಿದ ಮೀನಿಗೆ ಆ ರಾತ್ರಿ ನಿದ್ದೆ ಬಂತಾ, ಅಕ್ಕೋರೆ?"
ಕ್ಲಾಸೆಲ್ಲ ಬೆಂಚು ಬಡಿದು ನಕ್ಕಿತು.
ಪರೀಕ್ಷೆಗೆ ಬಾರದ ಪ್ರಶ್ನೆಗೆ
ಇಪ್ಪತ್ತಾರು ವರ್ಷದಲ್ಲಿ ನಾನು ಉತ್ತರ ಕಲಿತಿಲ್ಲ.

ಹಾಗಾಗಿ ಹಂಡೆಯ ಕಥೆ ಹೇಳಿದೆ.

ಅಜ್ಜಿ ಬೊಮ್ಮಕ್ಕ, ಗಂಗಾವಳಿ ದಂಡೆಯವಳು.
ಕರ ಕೊಡೆವು ಎಂದು ಊರಿಗೆ ಊರೇ ಹಟ ಹಿಡಿದ ವರುಷ,
ಅಜ್ಜ ಹಿಂಡಲಗಿಯ ಜೈಲಿನಲ್ಲಿ ಕಲ್ಲು ಒಡೆಯುತ್ತಿರುವಾಗ,
ಶಾನಭಾಗ, ಜೊತೆಗೆ ಇಬ್ಬರು ಪೊಲೀಸರು
ಬಚ್ಚಲಿಗೇ ನುಗ್ಗಿ, ಗೋಣಿ ಸುತ್ತಿ,
ತಾಮ್ರದ ಹಂಡೆಯನ್ನು ಒಲೆಯಿಂದ ಕಿತ್ತರು.
ಚಿಕ್ಕಮ್ಮನ ಬಾಣಂತನಕ್ಕೆ ಕಾಸಿದ ನೀರು.
ಅಂಗಳಕ್ಕೆ ಚೆಲ್ಲಿದರಂತೆ.
ಮಣ್ಣು ಎಷ್ಟೋ ಹೊತ್ತು ಹೊಗೆಯಾಡಿತಂತೆ.

ಲಿಲಾವಿನಲ್ಲಿ ಊರಿನ ಒಬ್ಬನೂ ಬಾಯಿ ತೆರೆಯಲಿಲ್ಲ.
ಒಂದೂಕಾಲು ರೂಪಾಯಿಗೆ ಕೂಗಿದವನು ಹೊಳೆಯಾಚೆಯವನು,
ಅಜ್ಜಿಯ ಸ್ವಂತ ಅಕ್ಕನ ಗಂಡ.

ಅಜ್ಜ ಬಂದ, ಮೂರು ಹಲ್ಲು ಕಡಿಮೆ.
ಗದ್ದೆ ಬಂತು, ಅರ್ಧ.
ಆಮೇಲೆ ಬಾವುಟ, ಪೆಪ್ಪರಮಿಂಟು, ಭಾಷಣ, ಎಲ್ಲ ಬಂತು.
ಹಂಡೆ ಬರಲಿಲ್ಲ.
ಅಕ್ಕನ ಮನೆಗೆ ಮದುವೆಗೋ ತಿಥಿಗೋ ಹೋದಾಗೆಲ್ಲ
ಕೈಕಾಲು ತೊಳೆವ ನೆಪದಲ್ಲಿ ಬಚ್ಚಲಿಗೆ ಹೋಗಿ
ಅದರ ಕಂಠದ ನಗ್ಗನ್ನು ಬೆರಳಲ್ಲಿ ಮುಟ್ಟಿ ಬರುತ್ತಿದ್ದಳು.
ನಾನು ಸಣ್ಣವಳು. "ನಮ್ಮದು, ಕೊಡಿ ಅನ್ನಲಿಲ್ವಾ ಅಜ್ಜಿ?"
"ಅಂದಿದ್ರೆ ಕೊಡ್ತಿದ್ರು.
ಅದಕ್ಕೇ ಅನ್ನಲಿಲ್ಲ."

ಕ್ಲಾಸು ಸುಮ್ಮನಾಯಿತು. ಇಷ್ಟು ಸಾಕು ಅಂದುಕೊಂಡೆ,
ನನ್ನದೇ ಕಥೆಯ ಮೇಲೆ ನನಗೆ ಸ್ವಲ್ಪ ಹೆಮ್ಮೆ.
ಕೊನೆಯ ಬೆಂಚಿನಲ್ಲಿ, ಯಲ್ಲಾಪುರದ ಕಾಡಿನಿಂದ
ಹಾಸ್ಟೆಲ್ಲಿಗೆ ಬಂದ ಬಸ್ತ್ಯಾಂವ ಸಿದ್ದಿ
ಪುಸ್ತಕದ ಸಾಲಿಗೆ ಬೆರಳಿಟ್ಟು ನಿಧಾನ ಓದಿದ:
ಎಲ್ಲ ಮನುಷ್ಯರೂ ಸಮಾನರಾಗಿಯೇ ಹುಟ್ಟಿದ್ದಾರೆ.
ತಲೆ ಎತ್ತದೆ ಕೇಳಿದ:
"ಇದನ್ನ ಬರೀತಾ ಕೂತಾಗ
ಅವರ ಮನೆ ಹಂಡೆಗೆ ನೀರು ತುಂಬ್ತಿದ್ದವರು ಯಾರು, ಅಕ್ಕೋರೆ?"

ಸೀಮೆಸುಣ್ಣ ಕೈಯಲ್ಲಿ ಬೆವೆತಿತು.
ಹಡಗಿನಲ್ಲಿ ತಂದವರು, ಎಂದೆ. ಮಾರಲ್ಪಟ್ಟವರು.
ಅವನಿಗದು ಹೊಸ ಸುದ್ದಿಯಲ್ಲ;
ಅವನ ಮುತ್ತಜ್ಜರನ್ನೂ ಗೋವೆಯ ದಕ್ಕೆಯಲ್ಲಿ ಇಳಿಸಿ ಎಣಿಸಿದ್ದರು.

ಆಗ ನೆನಪಾಯಿತು, ನಮ್ಮ ಹಂಡೆಗೂ ನೀರು ಹೊತ್ತವಳೊಬ್ಬಳಿದ್ದಳು.
ದಿನಾ ಬೆಳಗಿನ ಜಾವ, ಹನ್ನೆರಡು ಕೊಡ,
ಬಚ್ಚಲ ಹೊಸ್ತಿಲ ಈಚೆಯಿಂದಲೇ ಸುರಿಯಬೇಕಿತ್ತು.
ಜಪ್ತಿಯ ಯಾದಿ ಈಗಲೂ ಅಣ್ಣನ ಟ್ರಂಕಿನಲ್ಲಿದೆ:
ಹಂಡೆ ಒಂದು, ಹಗ್ಗ ಒಂದು, ಮರಿಗೆ ಎರಡು.
ಕೊಡ ಹೊತ್ತವಳು ಅದರಲ್ಲಿಲ್ಲ.
ಹಂಡೆ ಹೋದ ದಿನ ಅವಳ ಕೂಲಿಯೂ ಹೋಗಿರಬೇಕು.
ಅಜ್ಜಿ ಅವಳ ಹೆಸರು ಹೇಳಿದ್ದಳೋ,
ನಾನು ಕೇಳಿಸಿಕೊಳ್ಳಲಿಲ್ಲವೋ.

ಗಂಟೆ ಹೊಡೆಯಿತು. ಗಣಿತದ ಮಾಸ್ತರರು ಬಾಗಿಲಲ್ಲಿ.
ನಕಾಶೆ ಸುತ್ತುವಾಗ ತೂತಿನ ಮೇಲೆ ತೂತು ಕೂತು
ಆಚೆಯ ಬೆಳಕು ಒಂದು ಚುಕ್ಕೆ ಕಂಡಿತು, ಹೋಯಿತು.
ಪ್ರಣಾಲಿ ಹಿಂದೆಯೇ ಓಡಿಬಂದಳು:
"ಮೀನಿನ ವಿಷಯ ಹೇಳ್ಲೇ ಇಲ್ಲ, ಅಕ್ಕೋರೆ."

ಬಂದಿರಲಿಕ್ಕಿಲ್ಲ, ಎಂದೆ. ನಿದ್ದೆ.