ನೂರಕ್ಕೆ ಎಷ್ಟು

ಗಂಗಾವತಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು
ಬೇವಿನ ನೆರಳು ಹನ್ನೊಂದಕ್ಕೆ ನನ್ನ ಮೇಜು ಬಿಟ್ಟು
ಝೆರಾಕ್ಸ್ ಅಂಗಡಿಯ ಕಡೆ ಸರಿಯುತ್ತದೆ.
ಮೇಜು ಅಪ್ಪನದು. ಮೇಜಿಟ್ಟ ಜಾಗವೂ ಅವನದೇ.
ಯಾವ ಪತ್ರವೂ ಇಲ್ಲದೆ ನನಗಿಳಿದ ಆಸ್ತಿ.

ಮಿಲ್ಲಿನ ಅಡಿವೆಪ್ಪ ಶೆಟ್ಟರು ಬಂದರು,
ಕಂಕುಳಲ್ಲಿ ಫೈಲು, ಹಿಂದೆ ಮಗ, ಸೊಸೆ,
ಅವರ ಹಿಂದೆ ಹುಲಿಗೆಮ್ಮ,
ಹುಲಿಗೆಮ್ಮನ ಹೆಗಲ ಮೇಲೆ ನಿದ್ದೆಹೋದ ಮೊಮ್ಮಗ,
ನಾಲ್ಕು ವರ್ಷದ ಯಜಮಾನ.

"ಬರಿಯಪಾ. ಮಿಲ್ಲು, ಗೋದಾಮು, ಕಣ,
ಕಾಲುವಿ ಕೆಳಗಿನ ಹನ್ನೆರಡು ಎಕರೆ,
ಎಲ್ಲಾ ಈ ಕೂಸಿಗೆ."
ಬರೆದೆ: ಪ್ರೀತಿ ವಿಶ್ವಾಸದಿಂದ,
ಯಾವ ಪ್ರತಿಫಲವನ್ನೂ ಪಡೆಯದೆ,
ಸೂರ್ಯಚಂದ್ರರಿರುವ ತನಕ.
ಪ್ರೀತಿ ಎಂಬ ಪದವನ್ನು ನಾನು ಈ ಜನ್ಮದಲ್ಲಿ
ಬರೆದದ್ದೆಲ್ಲ ದಾನಪತ್ರಗಳಲ್ಲಿಯೇ.

ಸ್ಟಾಂಪು ಎಷ್ಟಾಗುತ್ತದೆ ಅಂದರು.
ಮನೆಯವರಿಗಾದರೆ ಕೆಲವು ಸಾವಿರ, ಅಷ್ಟೇ.
ಹೊರಗಿನವರಿಗಾದರೆ ನೂರಕ್ಕೆ ಇಷ್ಟು ಅಂತ.
ಶೆಟ್ಟರು ನಕ್ಕರು: "ಸರಕಾರಕ್ಕೂ ಕರುಳೈತಿ."

ಒಂದು ಕಾಲಕ್ಕೆ ಸತ್ತವರ ಆಸ್ತಿಗೂ ಸುಂಕವಿತ್ತು,
ಅಪ್ಪ ಹೇಳುತ್ತಿದ್ದ, ಆಮೇಲೆ ತೆಗೆದರು, ಎಂದೆ.
ಸುಮ್ಮನೆ ಅಂದದ್ದು. ಶೆಟ್ಟರಿಗೆ ಚುಚ್ಚಿತು.
"ನುಚ್ಚು ಉಂಡು ಅಕ್ಕಿ ಮಾರೀನಿ.
ಗಳಿಸಿದಾಗ ಕಟ್ಟೀನಿ, ಮಾರಿದಾಗ ಕಟ್ಟೀನಿ.
ಸತ್ತ ಮ್ಯಾಲೂ ಕಟ್ಟಬೇಕಂದ್ರ
ಹೆಣಕ್ಕ ಕಿಸೆ ಹೊಲಿಸ್ಲೇನು?"

ಸುಳ್ಳಲ್ಲ. ಮೊಣಕಾಲ ಬಳಿ ತೇಪೆ ಹಾಕಿದ
ಆ ಧೋತರ ನಾನು ನೋಡಿದ್ದೆ.
ಕೇಳಬೇಕೆನಿಸಿತು; ಕೇಳಲಿಲ್ಲ,
ಪತ್ರ ಬರೆಯುವವನ ಕೂಲಿಯಲ್ಲಿ ಪ್ರಶ್ನೆ ಸೇರಿರುವುದಿಲ್ಲ:
ನುಚ್ಚು ಉಂಡವರು ನೀವು.
ಈ ಕೂಸು ಏನು ಉಂಡಿದೆ?
ಭತ್ತ ಒಣಗಿಸಿದ ಬಿಸಿಲು ಯಾರ ಖಾತೆಯಲ್ಲಿದೆ?
ನಲವತ್ತು ವರ್ಷ ನಿಮ್ಮ ಕಣದೊಳಗೇ ಇದ್ದವಳು
ಹೊರಗಿನವಳಾದದ್ದು ಯಾವ ಬಾಗಿಲಿನಿಂದ?

ಎರಡನೆಯ ಸಾಕ್ಷಿ, ಶೆಟ್ಟರ ಷಡ್ಡಕ,
ಸಿಂಧನೂರಿನಿಂದ ಹೊರಟವನು
ಕಾರಟಗಿಯಲ್ಲಿ ಪಂಕ್ಚರ್ ಆಗಿ ನಿಂತಿದ್ದ.
"ಹುಲಿಗೆಮ್ಮ ಅದಾಳಲ್ಲ, ಅಕೀನ ಆಗ್ಲಿ.
ಮನಿ ಮಗಳಿದ್ದಂಗ."

ಒಳಗೆ ಯಂತ್ರದ ಮೇಲೆ ಹೆಬ್ಬೆರಳಿಟ್ಟಳು. ಕೆಂಪು.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ಎಡಗೈ. ತೋರುಬೆರಳು.
"ಒತ್ತಿ ಹಿಡಿಯಮ್ಮ," ಹುಡುಗ ರೇಗಿದ.
"ಗೆರಿ ಇಲ್ರಿ," ಅಂದಳು, "ಹೊಟ್ಟು ತಿಂದಾವು."
ಗದ್ದಲಕ್ಕೆ ಎಚ್ಚರಾದ ಕೂಸು
ಆಟವೆಂದು ಬಗೆದು ಬಾಗಿ ತನ್ನ ಬೆರಳಿಟ್ಟಿತು.
ಹಸಿರು.
ಎಲ್ಲರೂ ನಕ್ಕರು,
ಹುಲಿಗೆಮ್ಮ ಎಲ್ಲರಿಗಿಂತ ಮೊದಲು.

ಸಾಕ್ಷಿ ಕೊನೆಗೆ ನಾನೇ ಹಾಕಿದೆ.
ಸಹಿ ನನ್ನದು ಚೆಂದ, ಊರೇ ಹೇಳುತ್ತದೆ.
ಏಳರ ವಯಸ್ಸಿಗೆ ಅಪ್ಪ ಇದೇ ಮೇಜಿನ ಕೆಳಗೆ ಕೂರಿಸಿ
ಹಾಳಾದ ಛಾಪಾಕಾಗದದ ಹಿಂಬದಿಗೆ
ಅಕ್ಷರ ತಿದ್ದಿಸಿದ. ಏಳರಲ್ಲೇ ಅವಳು ಕಣಕ್ಕಿಳಿದಳಂತೆ.
ನನ್ನ ಆ ಆಸ್ತಿಗೆ
ಇವತ್ತಿನ ತನಕ ಯಾರೂ ನೂರಕ್ಕೆ ಎಷ್ಟೆಂದು ಕೇಳಿಲ್ಲ.
ಕೇಳಿದ್ದರೆ ನಾನೂ ಶೆಟ್ಟರ ಹಾಗೇ
ಕಿಸೆಯ ಮಾತು ಎತ್ತುತ್ತಿದ್ದೆನೋ ಏನೋ.

ಸಂಜೆ ಮೇಜು ಒರೆಸುವಾಗ ಅವಳು ತಿರುಗಿ ಬಂದಳು.
ಕೂಸಿನ ಒಂದು ಚಪ್ಪಲಿ ಇಲ್ಲೇ ಬಿದ್ದಿತ್ತು.
"ನನ್ನ ಹೆಸರು ಬರ್ದೀಯೇನಪಾ, ಕಾಗದದಾಗ?"
ಇಲ್ಲಮ್ಮ. ಬರೆದಿದ್ದೆ, ಹೊಡೆದುಹಾಕಬೇಕಾಯಿತು.
"ಹೌದಾ," ಅಂದಳು,
ಚಪ್ಪಲಿಯ ಧೂಳು ಸೆರಗಿನಲ್ಲಿ ಒರೆಸಿದಳು,
ಆ ಸೆರಗನ್ನು ಹಾಗೇ ತಲೆಗೆ ಹೊದ್ದು
ಮಿಲ್ಲಿನ ದಾರಿ ಹಿಡಿದಳು.